ಹದಿನೈದರಿಂದ ಹದಿನೇಳಕ್ಕೆ, ಮತ್ತೆ ಹದಿನೈದಕ್ಕೆ

ಕಳೆದ ಮಳೆಗಾಲದಿಂದ ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಹದಿನೇಳು ಇಂಚಿನ ಅಲಾಯ್ ರಿಮ್ ಒಂದು ಗೋಡೆಗೆ ಒರಗಿಕೊಂಡಿತ್ತು. ಎದುರಿನಿಂದ ನೋಡಿದರೆ ಹೊಸದರಂತೆಯೇ ಇತ್ತು. ಕಪ್ಪು ಬಣ್ಣ, ಅಂಚಿನಲ್ಲಿ ಕಡೆದ ಬೆಳ್ಳಿಯ ಹೊಳಪು, ಐದು ಜೋಡಿ ಕಡ್ಡಿಗಳು. ತಿರುಗಿಸಿ ಒಳಮೈ ನೋಡಿದರೆ ಮಾತ್ರ ಅಂಚಿನಿಂದ ಒಳಕ್ಕೆ ಹೆಬ್ಬೆರಳಿನಷ್ಟು ಉದ್ದದ ಬಿರುಕೊಂದು ಕೂದಲೆಳೆಯಂತೆ ಕಾಣುತ್ತಿತ್ತು. ಮನೆಗೆ ಬಂದವರು, ಅದರಲ್ಲೂ ಕಾರಿನ ಹುಚ್ಚಿರುವ ಹುಡುಗರು, ಅದರ ಕಥೆ ಕೇಳದೆ ಹೋಗುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವುದಕ್ಕಿಂತ ಒಮ್ಮೆ ಸರಿಯಾಗಿ ಬರೆದಿಡುವುದು ಮೇಲೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಉದ್ಯಾವರದಲ್ಲಿ, ಕೆಲಸ ಮಂಗಳೂರಿನಲ್ಲಿ. ದಿನಕ್ಕೆ ಹೋಗಿ ಬರಲು ಸುಮಾರು ನೂರು ಕಿಲೋಮೀಟರ್, ಹೆಚ್ಚುಕಡಿಮೆ ಪೂರ್ತಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಕಾರು 2019ರ ಪೆಟ್ರೋಲ್ ಸ್ವಿಫ್ಟ್. ಅದಕ್ಕೆ ಕಾರ್ಖಾನೆಯಿಂದ ಬಂದ ಟಯರ್ 185/65 ಆರ್15. ಊರಿಗೆ ಬಂದಿದ್ದ ಅಕ್ಕನ ಮಗ, ಗಲ್ಫ್‌ನಲ್ಲಿ ದೊಡ್ಡ ದೊಡ್ಡ ಗಾಡಿಗಳನ್ನು ಕಂಡವನು, ಅಂಗಳದಲ್ಲಿ ನಿಂತ ನನ್ನ ಕಾರನ್ನು ನೋಡಿ "ಮೈ ಚಂದ ಉಂಟು ಮಾಮ, ಆದರೆ ಕಾಲು ಸಣ್ಣದಾಯಿತು" ಎಂದ. ಎಲ್ಲ ತಪ್ಪನ್ನೂ ಅವನ ಮೇಲೆ ಹೊರಿಸಲಾರೆ. ಆ ಆಸೆ ನನ್ನಲ್ಲಿಯೂ ಬಹಳ ದಿನಗಳಿಂದ ಇತ್ತು, ಅವನದು ಒಂದು ನೆಪವಾಯಿತಷ್ಟೆ.

ಮೊದಲು ಟಯರಿನ ಗೋಡೆಯ ಮೇಲಿರುವ ಅಂಕೆಗಳನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅವುಗಳ ಮೇಲೆಯೇ ನಿಂತಿದೆ. 185 ಎಂದರೆ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂದರೆ ಆ ಅಗಲದ ಶೇಕಡಾ 65ರಷ್ಟು ಎತ್ತರದ ಪಕ್ಕಗೋಡೆ, ಅಂದರೆ ಸುಮಾರು 120 ಮಿಲಿಮೀಟರ್. 15 ಎಂಬುದು ರಿಮ್‌ನ ವ್ಯಾಸ, ಇದು ಮಾತ್ರ ಇಂಚಿನಲ್ಲಿ. ಹದಿನೈದು ಇಂಚಿಗೆ 381 ಮಿಲಿಮೀಟರ್, ಅದಕ್ಕೆ ಮೇಲೊಂದು ಕೆಳಗೊಂದು ಪಕ್ಕಗೋಡೆ ಸೇರಿಸಿದರೆ ಇಡೀ ಚಕ್ರದ ವ್ಯಾಸ 621.5 ಮಿಲಿಮೀಟರ್. ಇದೇ ಕಾರಿನ ಕಡಿಮೆ ಬೆಲೆಯ ಮಾದರಿಗೆ ಕಂಪೆನಿ 165/80 ಆರ್14 ಟಯರ್ ಕೊಡುತ್ತಿತ್ತು. ಅದರ ವ್ಯಾಸ ಲೆಕ್ಕ ಹಾಕಿದರೆ 619.6 ಬರುತ್ತದೆ. ರಿಮ್ ಒಂದು ಇಂಚು ದೊಡ್ಡದಾದರೂ ಒಟ್ಟು ಚಕ್ರ ಬೆಳೆದದ್ದು ಎರಡು ಮಿಲಿಮೀಟರ್ ಮಾತ್ರ. ಕಾರು ತಯಾರಿಸಿದವರೇ ರಿಮ್ ದೊಡ್ಡದು ಮಾಡುತ್ತಾರೆ, ಆದರೆ ರಿಮ್ ಬೆಳೆದಷ್ಟೂ ಪಕ್ಕಗೋಡೆಯನ್ನು ಇಳಿಸಿ ಚಕ್ರದ ಹೊರ ಅಳತೆಯನ್ನು ಕದಲಿಸದೆ ಇಡುತ್ತಾರೆ. ಇಷ್ಟನ್ನು ನಾನು ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಿದ್ದರೆ ಅರುವತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು.

ಅಂಗಡಿಯಲ್ಲಿ ನನಗೆ ಕೊಟ್ಟದ್ದು ಹದಿನೇಳು ಇಂಚಿನ ರಿಮ್, ಅದಕ್ಕೆ 215/50 ಆರ್17 ಟಯರ್. "ಗೋಡೆ ತೀರಾ ಕಡಿಮೆ ಮಾಡುವುದು ಬೇಡ, ನಮ್ಮ ಹಂಪುಗಳಿಗೆ ಕಾರು ಸ್ವಲ್ಪ ಎತ್ತರ ಇರಲಿ" ಎಂಬ ಅವರ ಮಾತು ನನಗೂ ಒಪ್ಪಿಗೆಯಾಯಿತು. ಕರಾವಳಿಯ ಒಳರಸ್ತೆಗಳ ಹಂಪುಗಳಿಗೆ ಕಾರಿನ ಹೊಟ್ಟೆ ಉಜ್ಜಿಸಿಕೊಂಡ ಯಾರಿಗಾದರೂ ಅದು ಸರಿಯೆಂದೇ ತೋರುತ್ತದೆ. ಈ ಚಕ್ರದ ವ್ಯಾಸ 646.8 ಮಿಲಿಮೀಟರ್. ಮೂಲಕ್ಕಿಂತ 25 ಮಿಲಿಮೀಟರ್ ಹೆಚ್ಚು, ಶೇಕಡಾ ನಾಲ್ಕು. ಕಾರು ನೆಲದಿಂದ ಮೇಲೇರುವುದು ಅದರ ಅರ್ಧ, ಹನ್ನೆರಡೂವರೆ ಮಿಲಿಮೀಟರ್, ಅಂದರೆ ಒಂದು ಬೆರಳಿನ ದಪ್ಪಕ್ಕೂ ಕಡಿಮೆ. ಆ ಒಂದು ಬೆರಳಿಗಾಗಿ ನಾನು ತೆತ್ತದ್ದೇನು ಎಂಬುದು ಒಂದೊಂದಾಗಿ ಆಮೇಲೆ ತಿಳಿಯಿತು.

ಮೊದಲು ಕಂಡದ್ದು ವೇಗಮಾಪಕ. ಕಾರಿಗೆ ತಾನು ಎಷ್ಟು ದೂರ ಹೋದೆನೆಂದು ತಿಳಿಯುವುದು ಚಕ್ರ ಎಷ್ಟು ಸುತ್ತು ಹಾಕಿತು ಎಂಬುದರಿಂದ. ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ಕಾರ್ಖಾನೆಯಲ್ಲಿಯೇ ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಹಳೆಯ ಚಕ್ರ ಒಂದು ಸುತ್ತಿಗೆ 1.95 ಮೀಟರ್ ಸಾಗುತ್ತಿತ್ತು, ಹೊಸದು 2.03 ಮೀಟರ್ ಸಾಗುತ್ತದೆ, ಆದರೆ ಮೀಟರಿಗೆ ಈ ವಿಷಯ ಗೊತ್ತಿಲ್ಲ. ಸುರತ್ಕಲ್ ದಾಟಿದ ಮೇಲಿನ ನೇರ ರಸ್ತೆಯಲ್ಲಿ ಪಕ್ಕದಲ್ಲಿ ಕುಳಿತ ಅಳಿಯನ ಕೈಗೆ ಮೊಬೈಲಿನ ಜಿಪಿಎಸ್ ಕೊಟ್ಟು ನೋಡಿಸಿದೆ. ಹಳೆಯ ಟಯರಿನಲ್ಲಿ ಮುಳ್ಳು 80 ತೋರಿಸುವಾಗ ಜಿಪಿಎಸ್ 76 ಹೇಳುತ್ತಿತ್ತು. ಈಗ ಎರಡೂ ಹತ್ತಿರ ಹತ್ತಿರ 80 ಹೇಳುತ್ತಿದ್ದವು. "ನೋಡಿ, ಈಗಲೇ ಮೀಟರ್ ಸರಿಯಾಯಿತು" ಎಂದು ಅವನು ನಕ್ಕ. ಈ ವಾದವನ್ನು ನಾನು ಬಳಿಕ ಬೇರೆಯವರ ಬಾಯಲ್ಲಿಯೂ ಕೇಳಿದ್ದೇನೆ. ವೇಗಮಾಪಕ ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವುದು ದೋಷವಲ್ಲ, ಬೇಕೆಂದೇ ಇಟ್ಟ ಅಂತರ. ಟಯರಿನ ಸವೆತ, ಗಾಳಿಯ ಏರಿಳಿತ ಏನೇ ಇದ್ದರೂ ಮುಳ್ಳು ಎಂದಿಗೂ ನಿಜಕ್ಕಿಂತ ಕಡಿಮೆ ತೋರಿಸಬಾರದೆಂದು ನಿಯಮವೇ ಇದೆ. ನಾನು ಆ ಅಂತರವನ್ನು ತಿಂದು ಮುಗಿಸಿದ್ದೆ.

ಇದರದೇ ಇನ್ನೊಂದು ಮುಖ ಮೈಲೇಜಿನ ಲೆಕ್ಕ. ಲೀಟರಿಗೆ 19 ಕಿಲೋಮೀಟರ್ ಕೊಡುತ್ತಿದ್ದ ಕಾರು 17ಕ್ಕೆ ಇಳಿಯಿತೆಂದು ನಾನು ಗಾಬರಿಯಾಗಿದ್ದೆ, ಆದರೆ ಓಡೋಮೀಟರ್ ಕೂಡ ಶೇಕಡಾ ನಾಲ್ಕು ಕಡಿಮೆ ಎಣಿಸುತ್ತಿತ್ತು. ಅದನ್ನು ಸೇರಿಸಿದರೆ ನಿಜವಾದ ಮೈಲೇಜು 17.7 ಆಗುತ್ತದೆ. ದೊಡ್ಡ ಚಕ್ರ ಹಾಕಿಸಿದವರು ಹೇಳುವ ಮೈಲೇಜಿನ ನಷ್ಟದಲ್ಲಿ ಒಂದು ಪಾಲು ನಿಜ, ಒಂದು ಪಾಲು ಮೀಟರಿನ ಸುಳ್ಳು.

ಎಳೆಯುವ ಶಕ್ತಿಯ ಮಾತಿಗೆ ಬಂದರೆ, ಇಂಜಿನ್ ಕೊಡುವ ತಿರುಗುಬಲವನ್ನು ನೆಲಕ್ಕೆ ಒತ್ತುವ ಬಲವಾಗಿ ಬದಲಿಸುವುದು ಚಕ್ರದ ತ್ರಿಜ್ಯ. ತ್ರಿಜ್ಯ ಶೇಕಡಾ ನಾಲ್ಕು ಹೆಚ್ಚಿದರೆ ಎಲ್ಲ ಗೇರುಗಳಲ್ಲಿಯೂ ಎಳೆತ ಅಷ್ಟೇ ಕಡಿಮೆಯಾಗುತ್ತದೆ, ಗೇರ್‌ಬಾಕ್ಸಿನ ಹಲ್ಲುಗಳನ್ನೇ ಬದಲಿಸಿದ ಹಾಗೆ. ಹೆದ್ದಾರಿಯಲ್ಲಿ ಇದು ಅಷ್ಟಾಗಿ ತಿಳಿಯಲಿಲ್ಲ. ತಿಳಿದದ್ದು ಆಗುಂಬೆ ಘಾಟಿಯಲ್ಲಿ. ಸೋಮೇಶ್ವರದಿಂದ ಮೇಲೆ ಹತ್ತುವ ಆ ಹದಿನಾಲ್ಕು ತಿರುವುಗಳನ್ನು ನಾಲ್ಕು ಜನರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಹತ್ತಿಸುವುದು ನನಗೆ ಹೊಸದಲ್ಲ. ಆದರೆ ಆ ದಿನ ಮೂರು ತಿರುವುಗಳಲ್ಲಿ ಇಂಜಿನ್ ಉಸಿರುಗಟ್ಟಿ ನಡುಗಿತು, ಒಂದನೇ ಗೇರಿಗೆ ಇಳಿಸದೆ ಗತ್ಯಂತರವಿರಲಿಲ್ಲ. ಇಳಿಯುವಾಗ ಇನ್ನೊಂದು ಬಗೆಯ ಕಷ್ಟ. ಎಳೆಯುವಾಗ ಕಡಿಮೆಯಾದ ಹಿಡಿತ ತಡೆಯುವಾಗಲೂ ಕಡಿಮೆಯಾಗುತ್ತದೆ. ಅದೇ ಗೇರಿನಲ್ಲಿ ಇಂಜಿನ್ ಮೊದಲಿನಷ್ಟು ಕಾರನ್ನು ಹಿಡಿಯುವುದಿಲ್ಲ, ಕಾಲು ಮತ್ತೆ ಮತ್ತೆ ಬ್ರೇಕಿನ ಮೇಲೆ ಹೋಗುತ್ತದೆ. ಕೆಳಗೆ ಬಂದು ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಅದಕ್ಕೆಲ್ಲ ಟಯರೇ ಕಾರಣವೆಂದು ಹೇಳಲಾರೆ, ನನ್ನ ಚಾಲನೆಯ ಪಾಲೂ ಇದ್ದೀತು. ಹಿಂದೆ ಆ ದಾರಿಯಲ್ಲಿ ಆ ವಾಸನೆ ಬಂದಿರಲಿಲ್ಲ ಎಂಬುದಂತೂ ಸತ್ಯ.

ಬ್ರೇಕಿನ ವಿಷಯವನ್ನು ಇನ್ನಷ್ಟು ನಿಧಾನವಾಗಿ ನೋಡಬೇಕು. ಹದಿನೇಳು ಇಂಚಿನ ರಿಮ್‌ನ ಕಡ್ಡಿಗಳ ಸಂದಿನಿಂದ ನನ್ನ ಕಾರಿನ ಬ್ರೇಕ್ ಡಿಸ್ಕ್ ಹರಿವಾಣದ ನಡುವೆ ಇಟ್ಟ ಸಣ್ಣ ಹಪ್ಪಳದಂತೆ ಕಾಣುತ್ತಿತ್ತು. ನೋಡಲು ಹಾಸ್ಯವೆನಿಸಿದ ಆ ಚಿತ್ರದಲ್ಲಿಯೇ ವಿಷಯವೆಲ್ಲ ಇದೆ. ಡಿಸ್ಕ್ ಅದೇ, ಪ್ಯಾಡ್ ಅದೇ, ಕಾಲಿನ ಒತ್ತಡ ಅದೇ. ಆದರೆ ಆ ಬಲ ಈಗ ಹೆಚ್ಚು ಉದ್ದದ ತ್ರಿಜ್ಯದ ತುದಿಯಲ್ಲಿರುವ ನೆಲವನ್ನು ತಡೆಯಬೇಕು, ಹೆಚ್ಚು ಭಾರದ ಚಕ್ರದ ಸುತ್ತನ್ನೂ ನಿಲ್ಲಿಸಬೇಕು. ವೇಗದ ಕಾರುಗಳಿಗೆ ಹತ್ತೊಂಬತ್ತು, ಇಪ್ಪತ್ತು ಇಂಚಿನ ರಿಮ್ ಏಕೆ ಇರುತ್ತದೆ ಎಂದು ಕೇಳುವವರಿಗೆ ಉತ್ತರವೂ ಇಲ್ಲಿಯೇ ಸಿಗುತ್ತದೆ: ಅಲ್ಲಿ ದೊಡ್ಡ ಡಿಸ್ಕ್ ಮತ್ತು ಅದನ್ನು ಹಿಡಿದು ಒತ್ತುವ ದೊಡ್ಡ ಕ್ಯಾಲಿಪರ್ ಕೂರಿಸಲು ಜಾಗ ಬೇಕಾಗಿ ರಿಮ್ ದೊಡ್ಡದಾಯಿತು. ನಾವು ರಿಮ್ ದೊಡ್ಡದು ಮಾಡಿ ಒಳಗೆ ಖಾಲಿ ಜಾಗ ಬಿಟ್ಟೆವು.

ಭಾರದ ಬಗ್ಗೆ ಊಹೆ ಬೇಡವೆಂದು ಪರಿಚಯದ ತೆಂಗಿನಕಾಯಿ ವ್ಯಾಪಾರಿಯೊಬ್ಬರ ತಕ್ಕಡಿಗೆ ಎರಡೂ ಚಕ್ರಗಳನ್ನು ಒಯ್ದು ಇಟ್ಟೆ. ಅವರು ಮಾತಿಲ್ಲದೆ ನನ್ನ ಮುಖವನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿದರು. ಹಳೆಯ ಚಕ್ರ ಟಯರ್ ಸಮೇತ 15.6 ಕಿಲೋ, ಹೊಸದು 20.8. ನಾಲ್ಕಕ್ಕೆ ಸೇರಿ ಇಪ್ಪತ್ತೊಂದು ಕಿಲೋ ಹತ್ತಿರ. ಚಕ್ರದ ಒಂದು ಕಿಲೋ ಕಾರಿನೊಳಗಿನ ಹತ್ತು ಕಿಲೋಗೆ ಸಮ ಎಂಬ ಮಾತೊಂದು ಕಾರುಪ್ರಿಯರ ನಡುವೆ ಓಡಾಡುತ್ತದೆ. ಭೌತಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಸುತ್ತುವ ವಸ್ತುವಿಗೆ ಮುಂದೆ ಸಾಗುವ ಶಕ್ತಿಯನ್ನೂ ಸುತ್ತುವ ಶಕ್ತಿಯನ್ನೂ ಕೊಡಬೇಕು, ಆದರೆ ಭಾರವೆಲ್ಲ ಟಯರಿನ ಹೊರ ಅಂಚಿನಲ್ಲಿಯೇ ಇದೆಯೆಂದುಕೊಂಡರೂ ವೇಗ ಹೆಚ್ಚಿಸುವಾಗ ಅದು ಎರಡು ಪಟ್ಟಿನಷ್ಟೇ ಭಾರವಾಗಿ ಕಾಣಬಲ್ಲದು, ಅದಕ್ಕಿಂತ ಹೆಚ್ಚಲ್ಲ. ನನ್ನ ಲೆಕ್ಕದಲ್ಲಿ ಆ ಇಪ್ಪತ್ತೊಂದು ಕಿಲೋ ಇಂಜಿನ್ನಿಗೆ ಮೂವತ್ತೈದು ಕಿಲೋದಂತೆ ಅನಿಸಿರಬೇಕು, ಅಂದರೆ ಶಾಲೆಗೆ ಹೋಗುವ ಒಬ್ಬ ಹುಡುಗನನ್ನು ಸದಾ ಕೂರಿಸಿಕೊಂಡ ಹಾಗೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಕಡೆ ಇದೆ. ಕಾರಿನ ಮೈಯನ್ನು ಸ್ಪ್ರಿಂಗ್ ಹೊತ್ತಿರುತ್ತದೆ, ಆದರೆ ಚಕ್ರವನ್ನು ಯಾವ ಸ್ಪ್ರಿಂಗೂ ಹೊತ್ತಿಲ್ಲ. ಅದು ನೆಲಕ್ಕೂ ಸ್ಪ್ರಿಂಗಿಗೂ ನಡುವೆ ಕುಣಿಯುವ ಭಾರ. ಗುಂಡಿಯ ಅಂಚಿಗೆ ಬಡಿದು ಮೇಲಕ್ಕೆ ಚಿಮ್ಮಿದ ಚಕ್ರವನ್ನು ಮತ್ತೆ ನೆಲಕ್ಕೆ ತರುವುದು ಅದೇ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಕೆಲಸ, ಅವುಗಳನ್ನು ಹದಿನೈದೂವರೆ ಕಿಲೋ ಚಕ್ರಕ್ಕೆಂದು ಹದಗೊಳಿಸಲಾಗಿದೆ. ಚಕ್ರ ಮೂರನೇ ಒಂದರಷ್ಟು ಭಾರವಾದಾಗ ಅದು ನೆಲ ಬಿಟ್ಟಿರುವ ಹೊತ್ತು ಹೆಚ್ಚುತ್ತದೆ, ನೆಲ ಬಿಟ್ಟ ಚಕ್ರ ತಿರುಗಿಸಲೂ ಬಾರದು, ನಿಲ್ಲಿಸಲೂ ಬಾರದು. ತೇಪೆ ಹಾಕಿದ ರಸ್ತೆಯ ಏರಿಳಿತಗಳ ಮೇಲೆ ಬ್ರೇಕ್ ಒತ್ತಿದಾಗ ಮೊದಲು ಎಂದೂ ಕೇಳಿರದ, ಚಕ್ರ ಜಾಮ್ ಆಗದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಎಬಿಎಸ್‌ನ ಕಟಕಟ ಶಬ್ದ ನನ್ನ ಕಾಲಿಗೆ ಬಡಿಯತೊಡಗಿದ್ದು ಇದರಿಂದಲೇ ಎಂದು ನನ್ನ ಎಣಿಕೆ.

ಇಷ್ಟರಲ್ಲಿ ಉಜ್ಜುವ ಶಬ್ದವೂ ಶುರುವಾಗಿತ್ತು. ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆಯುವಾಗ ಚಕ್ರದ ಮೇಲ್ಛಾವಣಿಯ ಪ್ಲಾಸ್ಟಿಕ್ಕಿಗೆ ಟಯರ್ ತಾಗಿ ಸರಸರ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಹಂಪು ದಾಟಿದರೆ ಹಿಂಬದಿಯಲ್ಲಿಯೂ ಅದೇ ಶಬ್ದ. ರಿಮ್‌ನ ಒಳಮೈಯಲ್ಲಿ ಇಟಿ 35 ಎಂದು ಅಚ್ಚಾಗಿರುವುದನ್ನು ಆಗ ನೋಡಿದೆ. ಚಕ್ರ ಹಬ್‌ಗೆ (ಚಕ್ರವನ್ನು ಹೊತ್ತು ತಿರುಗುವ ನಡುಭಾಗಕ್ಕೆ) ಕೂರುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬುದನ್ನು ಈ ಅಂಕೆ ಹೇಳುತ್ತದೆ. ಅಂಕೆ ಸಣ್ಣದಾದಷ್ಟೂ ಚಕ್ರ ಕಾರಿನಿಂದ ಹೊರಕ್ಕೆ ಚಾಚುತ್ತದೆ. ಹೀಗೆ ಚಾಚಿದ ಚಕ್ರ ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಹಬ್‌ನ ಬೇರಿಂಗಿಗೆ ಅದು ಉದ್ದದ ಸನ್ನೆಗೋಲು. ಸ್ಟಿಯರಿಂಗಿಗೂ ಅಷ್ಟೇ. ಸ್ಟಿಯರಿಂಗ್ ತಿರುಗುವ ಅಕ್ಷ ನೆಲವನ್ನು ಮುಟ್ಟುವ ಬಿಂದುವಿಗೂ ಟಯರಿನ ನಡುವಿಗೂ ಇರುವ ಅಂತರವನ್ನು ತಯಾರಕರು ಅಳೆದು ಇಟ್ಟಿರುತ್ತಾರೆ. ಆ ಅಂತರ ಬದಲಾದಾಗ ಒಂದು ಮುಂಚಕ್ರಕ್ಕೆ ಮಾತ್ರ ತಡೆ ಬಂದರೆ ಸ್ಟಿಯರಿಂಗ್ ಆ ಕಡೆಗೆ ಜಗ್ಗುತ್ತದೆ. ಜೂನ್ ಬಂದ ಮೇಲೆ ಹೆದ್ದಾರಿಯ ಬದಿಯಲ್ಲಿ ನಿಂತ ನೀರಿಗೆ ಎಡಚಕ್ರ ಇಳಿದಾಗಲೆಲ್ಲ ಯಾರೋ ಕೈಯಿಂದ ಕಸಿದುಕೊಂಡಂತೆ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿದ್ದುದರ ಅರ್ಥ ನನಗೆ ಆಮೇಲೆ ಹೊಳೆಯಿತು.

ಗಂಟೆಗೆ 90 ಕಿಲೋಮೀಟರಿನಲ್ಲಿ ನಡುಕ ಬರುತ್ತಿದ್ದುದಕ್ಕೆ ಕಾರಣ ತೀರಾ ಸಣ್ಣದಿತ್ತು. ಸ್ವಿಫ್ಟಿನ ಹಬ್ 54.1 ಮಿಲಿಮೀಟರ್, ಹಲವು ಕಾರುಗಳಿಗೆ ಆಗಲೆಂದು ಮಾಡಿದ ಆ ರಿಮ್‌ನ ನಡುತೂತು 73.1. ನಡುವಿನ ಸಂದನ್ನು ತುಂಬುವ ಉಂಗುರ ಹಾಕದೆ ಬರೀ ನಟ್ಟುಗಳ ಮೇಲೆ ಚಕ್ರ ನಿಲ್ಲಿಸಿದ್ದರು. ಉಂಗುರ ತರಿಸಿ ಹಾಕಿದ ಮೇಲೆ ನಡುಕ ನಿಂತಿತು. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಲ್ಲದ ನಡುಕವಿದ್ದರೆ ಮೊದಲು ಇದನ್ನು ನೋಡಿ.

ಉಜ್ಜುವಿಕೆಗೆ ಅಂಗಡಿಯವರು ಎರಡು ಪರಿಹಾರ ಹೇಳಿದರು: ಫೆಂಡರಿನ ಅಂಚನ್ನು ಬಡಿದು ಮಡಚುವುದು, ಇಲ್ಲವೇ ಅದೇ ರಿಮ್‌ಗೆ 205/45 ಆರ್17 ಟಯರ್ ಹಾಕುವುದು. ಎರಡನೆಯದನ್ನು ಆರಿಸಿದೆ, ಕೈಯಿಂದ ಮತ್ತಷ್ಟು ಹಣ ಹೋಯಿತು. ಇದರ ವ್ಯಾಸ 616.3 ಮಿಲಿಮೀಟರ್, ಮೂಲಕ್ಕೆ ಶೇಕಡಾ ಒಂದರ ಒಳಗೆ. ಮೀಟರ್ ಸರಿಹೋಯಿತು, ಎಳೆತ ಬಹುಪಾಲು ಮರಳಿತು, ಉಜ್ಜುವುದು ನಿಂತಿತು. ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಿತ್ತು. ಆದರೆ ಪಕ್ಕಗೋಡೆ 120ರಿಂದ 92 ಮಿಲಿಮೀಟರಿಗೆ ಇಳಿದಿತ್ತು, ನಾನು ಅದನ್ನು ಬರೀ ನೋಟದ ವಿಷಯವೆಂದು ತಿಳಿದಿದ್ದೆ.

ಕಾರನ್ನು ಹೊತ್ತಿರುವುದು ರಬ್ಬರಲ್ಲ, ಒಳಗಿನ ಗಾಳಿ. ರಸ್ತೆಯ ಸಣ್ಣಪುಟ್ಟ ಪೆಟ್ಟುಗಳನ್ನು ಸ್ಪ್ರಿಂಗಿಗೆ ತಲುಪುವ ಮೊದಲೇ ನುಂಗುವುದು ಆ ಗಾಳಿಯ ಎತ್ತರ. ಅದರಲ್ಲಿ ಕಾಲುಭಾಗದಷ್ಟನ್ನು ತೆಗೆದು ಆ ಜಾಗದಲ್ಲಿ ಅಲ್ಯೂಮಿನಿಯಮ್ ಇಟ್ಟಿದ್ದೆ. ಇದು ಮೊದಲು ತಿಳಿದದ್ದು ಅಮ್ಮನ ಬೆನ್ನಿಗೆ. ಕಟೀಲಿಗೆ ಹೋಗಿ ಬಂದ ದಿನ ಅವರು ಇಳಿಯುತ್ತ, "ಇದಕ್ಕಿಂತ ಬಸ್ಸೇ ಆಗಬಹುದಿತ್ತು ಮಾರಾಯ, ಎತ್ತಿ ಎತ್ತಿ ಹಾಕುತ್ತದೆ" ಎಂದರು. ಆಗ ನಾನು ಮಾಡಿದ್ದು, ಇಡೀ ಕಥೆಯಲ್ಲಿ ನಾನು ಮಾಡಿದ ಅತಿದೊಡ್ಡ ತಪ್ಪು: ಕಾರು ಮೆತ್ತಗಾಗಲೆಂದು ಗಾಳಿಯನ್ನು 33 ಪಿಎಸ್‌ಐಯಿಂದ 26ಕ್ಕೆ ಇಳಿಸಿದೆ. ಮೆತ್ತಗಾಯಿತು, ಅಮ್ಮನಿಗೂ ಸಮಾಧಾನವಾಯಿತು.

ಇದು ಏಕೆ ತಪ್ಪು ಎಂಬುದಕ್ಕೆ ಮೂರು ಕಾರಣ ಒಂದರ ಬೆನ್ನಿಗೊಂದು ಬರುತ್ತವೆ. ಟಯರಿನ ಮೇಲೆ ಅಳತೆಯ ಪಕ್ಕದಲ್ಲಿ ಇನ್ನೊಂದು ಅಂಕೆ ಇರುತ್ತದೆ, ಭಾರದ ಸೂಚ್ಯಂಕ. ನನ್ನ ಹಳೆಯ ಟಯರಿನಲ್ಲಿ ಅದು 88, ಅಂದರೆ ಒಂದು ಟಯರ್ 560 ಕಿಲೋ ಹೊರಬಲ್ಲದು. ಹೊಸದರಲ್ಲಿ 84, ಅಂದರೆ 500 ಕಿಲೋ. ಅಷ್ಟು ಸಾಕೆಂದು ವಾದಿಸಬಹುದು, ಆದರೆ ಆ 500 ಕಿಲೋ ಪೂರ್ತಿ ಗಾಳಿ ತುಂಬಿದಾಗಿನ ಮಾತು. ಗಾಳಿ ಇಳಿಸಿದಂತೆ ಹೊರುವ ಶಕ್ತಿಯೂ ಇಳಿಯುತ್ತದೆ. ಎರಡನೆಯದಾಗಿ, ಗಿಡ್ಡ ಗೋಡೆಯ ಟಯರಿನಲ್ಲಿ ಗಾಳಿಯೂ ಕಡಿಮೆಯಿದ್ದರೆ ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ಉಳಿಯುವುದು ಮಡಚಿದ ಎರಡು ಪದರ ರಬ್ಬರ್ ಮಾತ್ರ.

ಮೂರನೆಯದು ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಊರಿನಲ್ಲಿ ಈ ಮಾತನ್ನು ಬೇರೆಲ್ಲಕ್ಕಿಂತ ಮುಂದೆ ಇಡಬೇಕಿತ್ತು. ಅಗಲದ ಟಯರ್ ಹೆಚ್ಚು ನೆಲ ಹಿಡಿಯುತ್ತದೆ ಎಂಬ ನಂಬಿಕೆ ಎಲ್ಲರಲ್ಲಿಯೂ ಇದೆ. ಆದರೆ ಟಯರ್ ನೆಲಕ್ಕೆ ತಾಗುವ ಜಾಗವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಅವೆರಡೂ ಅಷ್ಟೇ ಇದ್ದರೆ ಟಯರ್ ಅಗಲವಾದಾಗ ಜಾಗ ಹೆಚ್ಚು ಬೆಳೆಯದೆ ಆಕಾರ ಬದಲಿಸುತ್ತದೆ, ಉದ್ದಕ್ಕಿದ್ದದ್ದು ಗಿಡ್ಡವಾಗಿ ಅಡ್ಡಕ್ಕೆ ಹರಡುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಇದರಿಂದ ಲಾಭವಿದೆ, ನಾನು ಅದನ್ನು ಅನುಭವಿಸಿದ್ದೇನೆ. ನೀರಿನಲ್ಲಿ ಮಾತ್ರ ಅದು ಚೂಪಾದ ಮೂತಿಯ ದೋಣಿಗೂ ಮೊಂಡು ಮೂತಿಯ ದೋಣಿಗೂ ಇರುವ ವ್ಯತ್ಯಾಸ. ಅಗಲದ ಟಯರ್ ಮುಂದಿರುವ ಹೆಚ್ಚು ನೀರನ್ನು ಬದಿಗೆ ತಳ್ಳಬೇಕು. ತಳ್ಳಲಾಗದ ವೇಗ ಬಂದಾಗ ನೀರಿನ ಮೇಲೇರಿ ತೇಲುತ್ತದೆ, ಆಗ ಸ್ಟಿಯರಿಂಗಿಗೂ ಬ್ರೇಕಿಗೂ ಅರ್ಥವಿರುವುದಿಲ್ಲ. ವಿಮಾನದ ಟಯರುಗಳ ಮೇಲೆ ಪ್ರಯೋಗ ಮಾಡಿ ನಾಸಾ 1963ರಲ್ಲಿ ಪ್ರಕಟಿಸಿದ ಸೂತ್ರವೊಂದರ ಪ್ರಕಾರ, ಸಾಕಷ್ಟು ಆಳದ ನೀರಿನಲ್ಲಿ ಟಯರ್ ತೇಲತೊಡಗುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಕಿಲೋಮೀಟರಿಗೆ ತಂದರೆ 33 ಪಿಎಸ್‌ಐಗೆ ಸುಮಾರು 96, 26ಕ್ಕೆ ಸುಮಾರು 85. ಕಾರಿನ ಟಯರಿಗೆ ಇದನ್ನು ಅಕ್ಷರಶಃ ಹೊಂದಿಸಲಾಗದು, ಟಯರಿನ ಮೈಮೇಲಿನ ಗೀರುಗಳ ಆಳ ಮತ್ತು ಟಯರಿನ ಅಗಲದ ಪಾಲು ಇದರಲ್ಲಿಲ್ಲ. ಆದರೆ ದಿಕ್ಕು ಸ್ಪಷ್ಟವಾಗಿದೆ. ನಾನು ಅಗಲವನ್ನು ಹೆಚ್ಚಿಸಿ ಗಾಳಿಯನ್ನು ಇಳಿಸಿ, ಎರಡು ಕಡೆಯಿಂದಲೂ ಆ ಮಿತಿಯನ್ನು ನನ್ನ ಎಂದಿನ ವೇಗದ ಹತ್ತಿರಕ್ಕೆ ಎಳೆದು ತಂದಿದ್ದೆ. ಜೂನ್ ಕೊನೆಯ ಒಂದು ಬೆಳಿಗ್ಗೆ ಮೂಲ್ಕಿಯ ಹತ್ತಿರ ಸ್ಟಿಯರಿಂಗ್ ಎರಡು ಕ್ಷಣ ಎಣ್ಣೆ ಹಚ್ಚಿದಂತೆ ಹಗುರಾಗಿ, ಮತ್ತೆ ನೆಲ ಸಿಕ್ಕಿತು. ಕಾರಿನೊಳಗೆ ನಾನೊಬ್ಬನೇ ಇದ್ದೆ. ಆ ದಿನ ಮಂಗಳೂರು ತಲುಪುವವರೆಗೂ 50 ದಾಟಲಿಲ್ಲ.

ಗುಂಡಿ ಸಿಕ್ಕಿದ್ದು ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವೆ. ಕೆಲಸ ಮುಗಿಸಿ ಬರುತ್ತಿದ್ದೆ, ಪಡುಬಿದ್ರಿ ದಾಟಿ ಕಾಪು ಇನ್ನೂ ಬಂದಿರಲಿಲ್ಲ, ವೈಪರ್ ಪೂರ್ತಿ ವೇಗದಲ್ಲಿದ್ದರೂ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಡಬದಿಯ ನೀರಿನಡಿಯಲ್ಲಿ ಗುಂಡಿಯಿತ್ತು. ಹಳೆಯ ಟಯರಿನಲ್ಲಿ ಇಂಥ ಪೆಟ್ಟಿಗೆ ಧಡ್ ಎಂಬ ದಪ್ಪ ಶಬ್ದ ಬರುತ್ತಿತ್ತು; ಈಗ ಬಂದದ್ದು ಕಂಚಿನ ತಂಬಿಗೆ ಕಲ್ಲಿಗೆ ಬಿದ್ದಂಥ ಠಣ್ ಶಬ್ದ. ಕಾರು ಹಾಗೆಯೇ ಮುಂದೆ ಓಡಿತು, ಕಟಪಾಡಿಯ ಹತ್ತಿರ ಎಡಕ್ಕೆ ಜಗ್ಗತೊಡಗಿತು. ಹೇಗೋ ಮನೆ ತಲುಪಿದೆ. ಬೆಳಿಗ್ಗೆ ನೋಡಿದರೆ ಎಡಮುಂಚಕ್ರ ನೆಲಕ್ಕೆ ಕುಳಿತಿತ್ತು. ಬಿಚ್ಚಿ ತಿರುಗಿಸಿದಾಗ ಟಯರಿನ ಒಳಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು, ಅದರ ನೇರಕ್ಕೆ ರಿಮ್‌ನ ಅಂಚಿನಲ್ಲಿ ಬಿರುಕು. ಉಬ್ಬು ಎಂದರೆ ಗೋಡೆಯೊಳಗಿನ ನೂಲುಗಳು ತುಂಡಾಗಿ ಬರೀ ರಬ್ಬರ್ ಗಾಳಿಯನ್ನು ತಡೆದಿದೆ ಎಂದರ್ಥ. ಅದು ಹೊರಗೋಡೆಯಲ್ಲಿ ಆಗಿದ್ದರೆ ಕಣ್ಣಿಗೆ ಬೀಳುತ್ತಿತ್ತು, ಒಳಗೋಡೆಯದನ್ನು ಬಗ್ಗಿ ನೋಡುವವರು ಯಾರು? ಗಾಳಿ ಸೋರದೆ ಇದ್ದಿದ್ದರೆ ನಾನು ಅದೇ ಚಕ್ರದಲ್ಲಿ ಮರುದಿನ ಮಂಗಳೂರಿಗೆ ಹೊರಟಿರುತ್ತಿದ್ದೆ.

ರಿಮ್ ವೆಲ್ಡ್ ಮಾಡಿಕೊಡುತ್ತೇವೆ, ಸಾವಿರದೈನೂರಕ್ಕೆ ಆಗುತ್ತದೆ ಎಂದು ಹೇಳಿದವರಿದ್ದರು. ಸಾಮಾನ್ಯ ಅಲಾಯ್ ರಿಮ್ ಅಲ್ಯೂಮಿನಿಯಮ್‌ಗೆ ಸಿಲಿಕಾನ್ ಮತ್ತು ತುಸು ಮೆಗ್ನೀಸಿಯಮ್ ಬೆರೆಸಿ ಎರಕ ಹೊಯ್ದದ್ದು. ಆಮೇಲೆ ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿದಾಗ ಅದಕ್ಕೆ ಗಟ್ಟಿತನ ಬರುತ್ತದೆ. ವೆಲ್ಡಿಂಗ್‌ನ ಬಿಸಿ ಸುತ್ತಲಿನ ಆ ಹದವನ್ನು ಕೆಡಿಸುತ್ತದೆ. ಬಿರುಕು ಮುಚ್ಚುತ್ತದೆ, ಪಕ್ಕದ ಲೋಹ ಮೆತ್ತಗಾಗುತ್ತದೆ. ನನ್ನ ರಿಮ್‌ನ ಒಳಮೈಯಲ್ಲಿ ಜಪಾನಿನ ರಿಮ್ ಗುಣಮಟ್ಟದ ಗುರುತಾದ ಜೆಡಬ್ಲ್ಯುಎಲ್‌ನಂಥ ಯಾವ ಪರೀಕ್ಷೆಯ ಮುದ್ರೆಯೂ ಇರಲಿಲ್ಲ ಎಂಬುದನ್ನೂ ಆ ದಿನವೇ ಗಮನಿಸಿದೆ. ಕೊಳ್ಳುವ ದಿನ ಎದುರಿನ ಹೊಳಪನ್ನಷ್ಟೇ ನೋಡಿದ್ದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದ ಮಾರ್ಪಾಟನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಸೇರಿತು. ದಂಡಕ್ಕಿಂತ ವಿಮೆಯ ಚಿಂತೆ ದೊಡ್ಡದು: ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಪರಿಹಾರದ ತಕರಾರಿಗೆ ನೆಪವಾಗಬಹುದು. ನನ್ನ ರಿಮ್ ಮತ್ತು ಟಯರಿಗೆ ನಾನು ಪರಿಹಾರ ಕೇಳಲು ಹೋಗಲೇ ಇಲ್ಲ.

ಹಳೆಯ ಚಕ್ರಗಳನ್ನು ಮಾರದೆ ಅಟ್ಟದಲ್ಲಿ ಇಟ್ಟಿದ್ದು ನಾನು ಮಾಡಿದ ಒಂದೇ ಜಾಣತನ. ಅವನ್ನು ಹಾಕಿಸಿ 33 ಪಿಎಸ್‌ಐ ಗಾಳಿ ತುಂಬಿಸಿದ ಮೇಲೆ ಕಾರು ಮತ್ತೆ ನನಗೆ ಪರಿಚಯದ ಕಾರಾಯಿತು. ಒಂದು ಮಾತ್ರ ಈಗಲೂ ನೆನಪಾಗುತ್ತದೆ: ಒಣ ರಸ್ತೆಯಲ್ಲಿ ಗಿಡ್ಡ ಗೋಡೆಯ ಆ ಟಯರ್ ಸ್ಟಿಯರಿಂಗಿಗೆ ಕೊಡುತ್ತಿದ್ದ ಚುರುಕು. ಸ್ವಲ್ಪ ಕೈ ತಿರುಗಿಸಿದರೆ ಮೂತಿ ತಿರುಗುತ್ತಿತ್ತು, ಹಳೆಯದರಲ್ಲಿ ಗೋಡೆ ಮೊದಲು ಬಾಗಿ ಆಮೇಲೆ ಕಾರು ತಿರುಗುತ್ತದೆ. ಅಷ್ಟು ಬೇಕೆನ್ನುವವರು ಒಂದೇ ಇಂಚು ಏರಿ 195/55 ಆರ್16ರಲ್ಲಿ ನಿಲ್ಲಬಹುದು. ಅದರ ವ್ಯಾಸ 620.9, ಗೋಡೆ 107 ಮಿಲಿಮೀಟರ್. ಹಗುರವಾದ, ಮುದ್ರೆಯಿರುವ ರಿಮ್ ಸಿಕ್ಕಿ, ಭಾರದ ಸೂಚ್ಯಂಕ 88ಕ್ಕೆ ಕಡಿಮೆಯಿಲ್ಲದ ಟಯರ್ ಸಿಕ್ಕಿದರೆ ನನ್ನ ಆಕ್ಷೇಪವಿಲ್ಲ. ಸಾದಾ ಟಯರಿನಲ್ಲಿ ಆ ಸೂಚ್ಯಂಕ 87ಕ್ಕೇ ನಿಂತಿರುತ್ತದೆ, ನೋಡಿ ಕೊಳ್ಳಬೇಕು.

ಉಳಿದ ಮೂರು ರಿಮ್‌ಗಳಿಗೆ ಮಲ್ಪೆಯ ಕಡೆಯ ಹುಡುಗನೊಬ್ಬ ಗಿರಾಕಿಯಾಗಿ ಬಂದ. ಎಲ್ಲ ಹೇಳಿದೆ, ಕೇಳಿದ, ತಲೆಯಾಡಿಸಿದ, ಕೊನೆಗೆ ಜಗಲಿಯ ಮೂಲೆಯತ್ತ ಕೈ ತೋರಿಸಿ, "ಅದನ್ನೂ ಕೊಡಿ, ವೆಲ್ಡ್ ಮಾಡಿಸಿದರೆ ಸೆಟ್ ಆಗುತ್ತದೆ" ಎಂದ. ಒಂದನ್ನೂ ಕೊಡದೆ ಕಳಿಸಿದೆ. ಮರುದಿನ ಪಕ್ಕದ ಗ್ರಿಲ್ ಕೆಲಸದವರ ಬಳಿಗೆ ಬಿರುಕಿನ ರಿಮ್ ಒಯ್ದು, ಕಟ್ಟರ್ ಹಾಕಿಸಿ ಅಡ್ಡಕ್ಕೆ ನಾಲ್ಕು ತುಂಡು ಮಾಡಿಸಿ, ಅವರೆದುರೇ ಗುಜರಿಯವನ ತಕ್ಕಡಿಗೆ ಹಾಕಿದೆ.